ಭಾನುವಾರದ ಮಾತುಕತೆಗೆ ಮುಂಚೆ ಓದಿಕೊಂಡು ಬನ್ನಿ

ಎಲ್ಲರಿಗೂ ಶರಣು. ಅಣು ವಿದ್ಯುತ್ ಅಂದ ತಕ್ಷಣ ಗುಂಪಿಗೆ ಬಾಂಬಿನ ಫೋಟೋ ಹಾಕೋದು ನಿಲ್ಲಿಸಿ, ದಯವಿಟ್ಟು. ಭಾನುವಾರ ಶಹಾಪುರದಲ್ಲಿ ಕೂತು ಅಣು ವಿದ್ಯುತ್, ಗೋಗಿ ಗಣಿ ಬಗ್ಗೆ ಮಾತಾಡೋಣ ಅಂತಿದ್ದೇವಲ್ಲ, ಅದಕ್ಕೆ ಸ್ವಲ್ಪ ತಯಾರಿ ಇರಲಿ.

2047ರ ಹೊತ್ತಿಗೆ 100 ಗಿಗಾವಾಟ್ ಅಣು ವಿದ್ಯುತ್ ಅಂತ ಕೇಂದ್ರ ಸರ್ಕಾರ 2025ರ ಬಜೆಟ್‌ನಲ್ಲಿ ಗುರಿ ಇಟ್ಟಿದೆ. ಕೈಗಾದ ನಾಲ್ಕೂ ಘಟಕ ಸೇರಿಸಿದರೆ 880 ಮೆಗಾವಾಟ್; ಒಂದು ಗಿಗಾವಾಟ್ ಅಂದರೆ 1000 ಮೆಗಾವಾಟ್, ಲೆಕ್ಕ ನೀವೇ ಹಾಕಿ.

ನಮಗೆ ಹತ್ತಿರದ ವಿಷಯ ಬೇರೆ ಇದೆ. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದವರು ಬೀಜಕ್ಕೆ ವಿಕಿರಣ ಹಾಯಿಸಿ, ಬದಲಾದ ಗಿಡಗಳಲ್ಲಿ ಒಳ್ಳೆಯದನ್ನು ಆರಿಸಿ, ಅವುಗಳಿಂದ ಹೊಸ ತಳಿ ಬೆಳೆಸುತ್ತಾರೆ. ಟಿಎಜಿ-24 ಶೇಂಗಾ, ಟಿಟಿ-401 ತೊಗರಿ ಅವರ ಕೆಲಸವೇ. ವಿಕಿರಣ ಸೂಸುವ ಲೋಹ ಕೋಬಾಲ್ಟ್-60ರ ಗಾಮಾ ಕಿರಣ ಉಳ್ಳಾಗಡ್ಡಿ ಮೊಳಕೆ ಒಡೆಯದಂತೆ ತಡೆಯುತ್ತದೆ, ಕ್ಯಾನ್ಸರ್ ಚಿಕಿತ್ಸೆಗೂ ಬರುತ್ತದೆ. ಹಾಗೆ ಕಿರಣ ಹಾಯಿಸಿದ ಉಳ್ಳಾಗಡ್ಡಿ ತಾನೇ ವಿಕಿರಣ ಸೂಸುವುದಿಲ್ಲ, ಸುಮ್ನೆ ಹೆದರಬೇಡಿ.

ಇನ್ನು ನಮ್ಮ ಶಹಾಪುರ ತಾಲೂಕಿನ ಗೋಗಿ. ಅಲ್ಲಿ ನೆಲದಡಿ ಅಣು ವಿದ್ಯುತ್ತಿಗೆ ಇಂಧನವಾಗುವ ಯುರೇನಿಯಂ ಇರೋದು ನಿಜ, ಗಣಿ ಬೇಡ ಅಂತ ಊರಿನವರು ಎದ್ದು ನಿಂತಿದ್ದೂ ನಿಜ. ಬೋರ್‌ವೆಲ್ ನೀರಿನ ಚಿಂತೆ ಮೂಢನಂಬಿಕೆ ಅಂತ ಯಾರೂ ತಳ್ಳಿಹಾಕಬೇಡಿ. ಗಣಿಯ ತ್ಯಾಜ್ಯ ಎಲ್ಲಿ ಹೋಗುತ್ತೆ, ನೀರನ್ನು ಯಾರು ಪರೀಕ್ಷೆ ಮಾಡ್ತಾರೆ, ವರದಿ ಕನ್ನಡದಲ್ಲಿ ಪಂಚಾಯಿತಿಗೆ ಸಿಗುತ್ತಾ? ಗಣಿ ಕೆಲಸದಲ್ಲಿ ಊರಿನವರ ಸಹಭಾಗಿತ್ವ ಬೇಕು ಅನ್ನೋರು ಮೊದಲು ಇದಕ್ಕೆ ಉತ್ತರ ಕೊಡಬೇಕು, ಅಲ್ವಾ? ಆಮೇಲೆ ಶಾಲೆಗೆ ಬಣ್ಣ ಹೊಡೆಸಲಿ.

ಗೋಗಿ ಕಡೆಯವರು ನಿಮ್ಮ ಪ್ರಶ್ನೆಗಳನ್ನು ಶನಿವಾರದೊಳಗೆ ಇಲ್ಲೇ ಹಾಕಿ. ವಾಯ್ಸ್ ಮೆಸೇಜ್ ಆದರೂ ನಡೆಯುತ್ತೆ.