ಟ್ರೇನಿಂಗ್ ಸಾಕು, ವರ್ಕಿಂಗ್ ಕ್ಯಾಪಿಟಲ್ ಕೊಡಿಸಿ

ಮಾನ್ಯ ಸಂಪಾದಕರೆ,

2025ರಲ್ಲಿ ಬೇರೆ ದೇಶಗಳಿಗೆ ನೆರವು ಕೊಡ್ತಿದ್ದ ಅಮೆರಿಕದ ಸರ್ಕಾರಿ ಸಂಸ್ಥೆ ಯುಎಸ್‌ಏಡ್ ಬಾಗಿಲು ಹಾಕಿದ್ಮೇಲೆ ಫಾರಿನ್ ಫಂಡ್ ನಿಂತೋದ್ರೆ ಮಹಿಳಾ ಉದ್ಯಮಿಗಳ ಗತಿ ಏನು ಅಂತ ತುಂಬಾ ಜನ ಮಾತಾಡ್ತಿದಾರೆ. ನಾನು ಪೀಣ್ಯ, ಲಗ್ಗೆರೆ ಕಡೆ ಸಣ್ಣ ಯೂನಿಟ್‌ಗಳ ಜಿಎಸ್‌ಟಿ ಲೆಕ್ಕ ನೋಡ್ಕೊಳ್ಳೋಳು. ನನ್ನ ಕೇಳಿದ್ರೆ ದುಡ್ಡು ಎಷ್ಟು ಬರುತ್ತೆ ಅನ್ನೋದಕ್ಕಿಂತ ಯಾವ ರೂಪದಲ್ಲಿ ಬರುತ್ತೆ ಅನ್ನೋದೇ ಮುಖ್ಯ.

2017ರ ಜಿ20 ಶೃಂಗಸಭೆಯಲ್ಲಿ ಹಲವು ದೇಶಗಳು ವಿಶ್ವಬ್ಯಾಂಕ್ ಜೊತೆ ಸೇರಿ ಮಹಿಳಾ ಉದ್ಯಮಿಗಳಿಗೇ ಅಂತ ವೀ-ಫೈ ನಿಧಿ ಶುರು ಮಾಡಿದ್ವು, ಒಳ್ಳೇದೇ. ಆದ್ರೆ ಪ್ರಾಜೆಕ್ಟ್ ದುಡ್ಡು ಅಂತ ನಮ್ಮ ಏರಿಯಾದಲ್ಲಿ ನಾನು ಕಂಡಿದ್ದು ಹೋಟೆಲ್ ಹಾಲಲ್ಲಿ ವರ್ಕ್‌ಶಾಪು, ಒಂದು ಬ್ಯಾಗು, ಸರ್ಟಿಫಿಕೇಟು, ಗ್ರೂಪ್ ಫೋಟೋ ಅಷ್ಟೇ (ಊಟ ಮಾತ್ರ ಚೆನ್ನಾಗಿರುತ್ತೆ, ಸುಳ್ಳು ಹೇಳಬಾರದು).

ನನ್ನ ಕ್ಲೈಂಟ್ ಒಬ್ರು ಸ್ಕೂಲ್ ಯೂನಿಫಾರ್ಮ್ ಹೊಲಿಸ್ತಾರೆ. ಮಾರ್ಚಲ್ಲಿ ಆರ್ಡರ್ ಸಿಗುತ್ತೆ, ಚಿಕ್ಕಪೇಟೆಯಲ್ಲಿ ಬಟ್ಟೆಗೆ ಕೈಮೇಲೆ ದುಡ್ಡು ಇಡ್ಬೇಕು, ಶನಿವಾರ ಬಂದ್ರೆ ಟೈಲರ್‌ಗಳಿಗೆ ಬಟವಾಡೆ, ಸ್ಕೂಲಿನವರು ಬಿಲ್ ಪಾಸ್ ಮಾಡೋದು ಆಗಸ್ಟ್ ಆದ್ರೂ ಆಯ್ತು. ಅಲ್ಲಿವರೆಗೆ ವ್ಯಾಪಾರ ನಡೆಸೋಕೆ ಬೇಕಾದ ದುಡ್ಡೇ ವರ್ಕಿಂಗ್ ಕ್ಯಾಪಿಟಲ್. ಸ್ತ್ರೀಶಕ್ತಿ ಥರದ ಸ್ವಸಹಾಯ ಸಂಘದ ಸಾಲ ಒಂದು ಥಾನಿಗೂ ಸಾಲಲ್ಲ. ಕೇಂದ್ರ ಸರ್ಕಾರದ ಮುದ್ರಾ ಸಾಲ ಯೋಜನೆಯಲ್ಲಿ 50 ಸಾವಿರದ ಶಿಶು ಸಾಲ ಸಿಕ್ತು, ಆಮೇಲೆ ಮುಂದಿನ ಹಂತದ 5 ಲಕ್ಷದ ಕಿಶೋರ್‌ಗೆ ಹೋದ್ರೆ ಬ್ಯಾಂಕಲ್ಲಿ "ಯಜಮಾನ್ರನ್ನ ಕರ್ಕೊಂಡ್ ಬನ್ನಿ ಅಮ್ಮ, ಸೈಟ್ ಪತ್ರ ತನ್ನಿ" ಅಂದ್ರಂತೆ. ಇಷ್ಟು ಮೊತ್ತದ ಮುದ್ರಾ ಸಾಲಕ್ಕೆ ಅಡಮಾನ ಕೇಳೋ ಹಾಗಿಲ್ಲ ಅಂತ ರೂಲ್ಸೇ ಇದೆ! ಸೈಟು ಇರೋದು ಮಾವನ ಹೆಸರಲ್ಲಿ. ಈಯಮ್ಮನ ಜಿಎಸ್‌ಟಿ ರಿಟರ್ನ್ ಒಂದೂ ಲೇಟ್ ಆಗಿಲ್ಲ, ಬ್ಯಾಂಕಿನವರು ಅದನ್ನ ತಿರುಗಿಯೂ ನೋಡ್ಲಿಲ್ಲ. ಕೊನೆಗೆ ವಾರದ ಕಂತಿನ ಮೈಕ್ರೋಫೈನಾನ್ಸೇ ಗತಿ, ಆ ವಸೂಲಿ ಕಾಟಕ್ಕೆ ನಮ್ಮ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆನೇ ತರ್ಬೇಕಾಯ್ತು.

ವ್ಯಾಪಾರ ಮಾಡೋದು ಹೇಗೆ ಅಂತ ಇವ್ರಿಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ ಸ್ವಾಮಿ. ಹೊರಗಿನ ದುಡ್ಡು ಬರೋದಾದ್ರೆ ಇಲ್ಲಿನ ಬ್ಯಾಂಕು, ಸಹಕಾರಿ ಸಂಘಗಳ ಹತ್ರ ಗ್ಯಾರಂಟಿಯಾಗಿ ಕೂರಲಿ, ಸಾಲ ಮುಳುಗಿದ್ರೆ ಮೊದಲ ನಷ್ಟ ಅದು ಹೊರಲಿ. ಸಾಲ ರೂಪಾಯಿಯಲ್ಲೇ ಇರಲಿ, ಡಾಲರ್ ರೇಟ್ ಏರಿದ್ರೆ ಲಗ್ಗೆರೆ ಟೈಲರ್ ಯಾಕೆ ಕಟ್ಬೇಕು? ಕಂತನ್ನೂ ವಾರದ ಲೆಕ್ಕ ಬಿಟ್ಟು ಸೀಸನ್ ನೋಡಿ ಇಡ್ಲಿ. ರಿಪೋರ್ಟಲ್ಲಿ ಎಷ್ಟು ಜನಕ್ಕೆ ಟ್ರೇನಿಂಗ್ ಆಯ್ತು ಅಂತ ಬರೆಯೋ ಬದಲು, ಗಂಡನ ಸೈನ್ ಇಲ್ದೆ ಎಷ್ಟು ಜನಕ್ಕೆ ಸ್ವಂತ ಹೆಸರಲ್ಲಿ ಸಾಲ ಸಿಕ್ತು, ಅದ್ರಲ್ಲಿ ಎಷ್ಟು ಯೂನಿಟ್ ಮುಂದಿನ ವರ್ಷವೂ ನಡೀತಿದೆ ಅಂತ ಬರೀಲಿ.

— ಒಬ್ಬ ಅಕೌಂಟೆಂಟ್, ಲಗ್ಗೆರೆ, ಬೆಂಗಳೂರು