ಒಂದು ಕೂದಲೆಳೆ, ಆರು ಫೋಟೊ

ಈ ರಾಜ್ಯೋತ್ಸವಕ್ಕೆ ಗೋವೆಯ ವಾಸ್ಕೋದ ನಮ್ಮ ಸಂಘದವರು ನಾನು ನೀರಿನಡಿ ತೆಗೆದ ಆರು ಫೋಟೊ ಗೋಡೆಗೆ ಹಾಕಿದರು. ವೇದಿಕೆ ಹತ್ತಿಸಿ ಮೈಕು ಕೊಟ್ಟಾಗ ಮಾತೇ ಹೊರಡಲಿಲ್ಲ. ಆವತ್ತು ಹೇಳದೆ ಉಳಿದದ್ದು ಇದು.

ಎರಡು ವರ್ಷದ ಹಿಂದೆ, ಗ್ರಾಂಡ್ ದ್ವೀಪದ ಹತ್ತಿರ ಸುಝೀಸ್ ರೆಕ್ ಅನ್ನುವ ಮುಳುಗಿದ ಹಡಗಿಗೆ ಇಳಿದಾಗ ನನ್ನ ಕ್ಯಾಮೆರಾ ಪೆಟ್ಟಿಗೆಯೊಳಗೆ ನೀರು ಹೊಕ್ಕಿತು. ತಪ್ಪು ನನ್ನದೇ. ಪೆಟ್ಟಿಗೆಯ ಬಾಯಿಗೆ ಕೂರುವ ಓ-ರಿಂಗ್ (ಕುಕ್ಕರ್ ಗ್ಯಾಸ್ಕೆಟ್ಟಿನ ತಮ್ಮ ಅನ್ನಿ) ಮೇಲೆ ನನ್ನದೊಂದು ಕೂದಲು ಅಂಟಿತ್ತು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ನೀರಿಗೆ ಅಷ್ಟು ಸಂದು ಸಾಕಾಯಿತು. ಮೂರು ವರ್ಷದ ಉಳಿತಾಯ ಉಪ್ಪುನೀರಲ್ಲಿ ನೆನೆಯುವುದನ್ನು ಗಾಜಿನ ಕಿಂಡಿಯಿಂದ ನೋಡಿದೆ.

ಅಳುತ್ತ ಕೂತವಳಿಗೆ ಒಂದೂ ಮಾತು ಕೇಳದೆ ಚಹಾ ಬಗ್ಗಿಸಿ ಕೊಟ್ಟ, ಆಮೇಲೆ ಇಡೀ ಸೀಸನ್ ದೋಣಿ ಬಾಡಿಗೆ ಮುಟ್ಟದ ಕುಮಟಾ ಕಡೆಯ ತಾಂಡೇಲಣ್ಣ, ಮೊದಲ ನಮಸ್ಕಾರ ನಿಮಗೆ.

ತಮ್ಮ ಹಳೆ ಕ್ಯಾಮೆರಾ ಕೈಗಿಟ್ಟ ಡೈವಿಂಗ್ ಸರ್, ನಿಮ್ಮ ಬೈಗುಳಕ್ಕೂ ಋಣಿ. ಗೋವೆಯ ನೀರು ಎಷ್ಟೋ ದಿನ ಮೂರ್ನಾಲ್ಕು ಮೀಟರ್ ಆಚೆ ಏನನ್ನೂ ತೋರಿಸುವುದಿಲ್ಲ. ನಾನೋ ಇಡೀ ಹಡಗು ಬೇಕೆಂದು ಹಿಂದೆ ಹಿಂದೆ ಸರಿದು ಬರೀ ಹಸಿರು ಗಂಜಿ ತರುತ್ತಿದ್ದೆ. "ಹಡಗು ಬಿಡು, ಒಂದು ತಗಡು ಹಿಡಿ, ಮೂಗು ತಾಗುವಷ್ಟು ಹತ್ತಿರ ಹೋಗು" ಅಂದಿರಿ. ಸ್ಟ್ರೋಬ್ ದೀಪಗಳನ್ನು (ನೀರಿನಡಿ ಬಳಸುವ ಫ್ಲ್ಯಾಶ್) ಎತ್ತಿನ ಕೋಡಿನ ಹಾಗೆ ಅಗಲಿಸಲು ಕಲಿಸಿದಿರಿ. ಬೆಳಕು ನೇರ ಬಿದ್ದರೆ ನೀರಿನ ಕಸವೆಲ್ಲ ಅಕ್ಕಿನುಚ್ಚು ಚೆಲ್ಲಿದಂತೆ ಹೊಳೆಯುತ್ತದೆ. ಆ ಆಳದಲ್ಲಿ ಕೆಂಪು ಉಳಿಯುವುದಿಲ್ಲ, ನನ್ನ ನೇಲ್‌ಪಾಲಿಶ್ ಕೂಡ ಕಪ್ಪು. ಸ್ಟ್ರೋಬ್ ಮಿಂಚಿದ ಕ್ಷಣ ತುಕ್ಕು ಹಿಡಿದ ತಗಡು ಧಾರವಾಡದ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತು. ಅದರ ತೂತಿನೊಳಗೊಂದು ಲಯನ್‌ಫಿಶ್, ರೆಕ್ಕೆ ಬಿಚ್ಚಿಕೊಂಡು. ಗೋಡೆಯ ಮೇಲಿನ ಮೂರನೇ ಫೋಟೊ ಅದೇ.

ಪ್ರತಿ ಶನಿವಾರ ರಾತ್ರಿ ಟಾರ್ಚ್ ಹಿಡಿದು ಓ-ರಿಂಗ್ ತಪಾಸಣೆ ಮಾಡುವ, ನನ್ನ ತಲೆಗೆ ಬಟ್ಟೆ ಕಟ್ಟಿಸದೆ ಪೆಟ್ಟಿಗೆ ಮುಟ್ಟಗೊಡದ ರೂಮ್‌ಮೇಟ್, ನಿನಗೇನು ಹೇಳಲಿ ಮಾರಾಯ್ತಿ.

"ಇದು ಆ ಜರ್ಮನ್ ಹಡಗಾ?" ಎಂದು ಕೇಳಿದ ಹಿರಿಯರಿಗೆ: ಅಲ್ಲ ಕಾಕಾ. ನೀವು ಹೇಳಿದ ಎಹ್ರೆನ್‌ಫೆಲ್ಸ್ ಮುಳುಗಿದ್ದು 1943ರ ಮಾರ್ಚ್‌ನಲ್ಲಿ, ಮುರಗಾಂವ್ ಬಂದರಿನಲ್ಲಿ. ಕಲ್ಕತ್ತಾದಿಂದ ಬಂದ ಬ್ರಿಟಿಷರ ಗುಂಪು ರಾತ್ರಿ ಹಡಗು ಹತ್ತಿದಾಗ ಅದರ ಸಿಬ್ಬಂದಿಯೇ ಮುಳುಗಿಸಿದರು. ಆದರೂ ಅರ್ಧ ಗಂಟೆ ಎಲ್ಲರನ್ನೂ ನನ್ನ ಫೋಟೊಗಳ ಮುಂದೆ ನಿಲ್ಲಿಸಿದ್ದು ನಿಮ್ಮ ಪ್ರಶ್ನೆಯೇ.

ಕೊನೆಗೆ ಅವ್ವ. ಡೈವಿಂಗ್ ವಿಷಯ ಅವಳಿಗೆ ಹೇಳಿರಲೇ ಇಲ್ಲ. ಧಾರವಾಡದಿಂದ ಬಸ್ಸಿನಲ್ಲಿ ಬಂದಿಳಿದವಳು ಆರೂ ಫೋಟೊ ನಿಧಾನಕ್ಕೆ ನೋಡಿ, ನನ್ನ ಕಡೆ ತಿರುಗಿ, "ಐತವಾರ ಫೋನ್ ಯಾಕ ಎತ್ತಂಗಿಲ್ಲಂತ ಈಗ ತಿಳೀತು ನೋಡು" ಅಂದಳು. ಹೋಗುವಾಗ ಲಯನ್‌ಫಿಶ್ ಫೋಟೊ ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.