ಪಾಟರಿ ಟೌನ್‌ನ ಆ ಅಜ್ಜಿಗೆ

ಅಜ್ಜಿ, ನಿಮ್ಮ ಹೆಸರು ಕೇಳುವುದನ್ನೇ ಮರೆತುಬಿಟ್ಟೆ. ಯಾರಾದರೂ ಇದನ್ನು ನಿಮಗೆ ಓದಿ ಹೇಳಲಿ ಅಂತ ಬರೆಯುತ್ತಿದ್ದೇನೆ.

ಕಲಾ ತರಗತಿಗೆ ಅಂತ ಮೂರು ವಾರ ಕೂತು ಮಾಡಿದ ನನ್ನ ಮಣ್ಣಿನ ನಂದಿ ಸುಡುವಾಗ ಚೂರು ಚೂರಾಗಿತ್ತು. ಮರುದಿನ ಮಣ್ಣು ಕೊಳ್ಳಲು ಬೆಂಗಳೂರಿನ ಕುಂಬಾರರ ಬಡಾವಣೆ ಪಾಟರಿ ಟೌನ್‌ಗೆ ಬಂದವಳು ನಿಮ್ಮ ಜಗಲಿ ಮೇಲೆ ಕೂತು ಅತ್ತುಬಿಟ್ಟೆ, ನೀವು ಏನೂ ಕೇಳದೆ ನನ್ನ ಚೀಲದಿಂದ ಒಂದು ಚೂರು ತೆಗೆದು ದಪ್ಪ ನೋಡಿ, "ಹೊಟ್ಟೆ ಟೊಳ್ಳು ಮಾಡಿಲ್ವಲ್ಲ ಕಣಮ್ಮ" ಅಂದಿರಿ. ಅಷ್ಟೇ. ದಪ್ಪ ಮಣ್ಣು ಒಳಗೆ ಬೇಗ ಒಣಗಲ್ಲ, 100 ಡಿಗ್ರಿ ದಾಟಿದರೆ ಉಳಿದ ನೀರು ಆವಿಯಾಗಿ ಸಿಡಿಯುತ್ತೆ, ಇದನ್ನು ನಾನು ಓದಿದ್ದೆ. ಕೈಗೆ ಮಾತ್ರ ಗೊತ್ತಿರಲಿಲ್ಲ.

ಆಮೇಲೆ ಒಂದು ಹಸಿ ಮಡಕೆಯನ್ನು ನನ್ನ ಕೆನ್ನೆಗೆ ತಾಗಿಸಿದಿರಿ. ತಣ್ಣಗಿತ್ತು. "ತಣ್ಣಗಿದ್ರೆ ಇನ್ನೂ ನೀರಿದೆ, ಸುಡೋ ಆವಿಗೆಗೆ ಇಡಬೇಡ." ಈಗಲೂ ಪ್ರತಿಯೊಂದನ್ನೂ ಹಾಗೇ ಕೆನ್ನೆಗೆ ಹಿಡಿದು ನೋಡುತ್ತೇನೆ.

ಎರಡನೇ ನಂದಿಯನ್ನು ಅರ್ಧ ಒಣಗಿದಾಗ ತಂತಿಯಿಂದ ಕೊಯ್ದು, ಒಳಗೆಲ್ಲ ಕೆರೆದು, ಮಣ್ಣಿನ ಅಂಟು ಹಚ್ಚಿ ಮತ್ತೆ ಕೂಡಿಸಿ, ಗಾಳಿ ಹೋಗಲು ಕೆಳಗೊಂದು ತೂತು ಬಿಟ್ಟೆ. ಕೆಂಪಗೆ ಬೆಂದು ಬಂದಿದೆ ಅಜ್ಜಿ, ಒಂದು ಬಿರುಕೂ ಇಲ್ಲ! ತಿಗರಿ ಚಕ್ರದ ಮೇಲೆ ಬಟ್ಟಲೂ ಮಾಡುತ್ತಿದ್ದೇನೆ.

ತುಂಬಾ ಧನ್ಯವಾದ. ಗಣೇಶನ ಹಬ್ಬದ ಗಡಿಬಿಡಿ ಮುಗಿದ ಮೇಲೆ ನಂದಿಯನ್ನು ತರುತ್ತೇನೆ, ನೀವೇ ಕೈಯಲ್ಲಿ ಹಿಡಿದು ನೋಡಬೇಕು.